ಕೇಳೋದಾದರೆ

ಅರವತ್ತೇಳೋ, ಎಪ್ಪತ್ತೇಳೋ?

ಎಣಿಕೆ ಮತ್ತೆ ತಪ್ಪಿತು. ಅವನು ಚಿಮಟ ಕೆಳಗಿಟ್ಟು, ಗಾಜಿನ ತಟ್ಟೆಯಲ್ಲಿದ್ದ ಬಟಾಣಿಯನ್ನೆಲ್ಲ ತಿರುಗಿ ರಾಶಿಗೆ ಸುರಿದ. ಮತ್ತೆ ಒಂದರಿಂದ.

ತಟ್ಟೆಗೆ ನೂರು ಕಾಳು. ತುಂಬಿದ ತಟ್ಟೆ ಮೊಳಕೆ ಕೋಣೆಗೆ. ಬೀಜ ಪರೀಕ್ಷೆಯ ಈ ಕಚೇರಿಯಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ವಾರ ಕೊಡುವ ಕೆಲಸ ಅದು. ಅವನು ಸೇರಿದ ಮೇಲೆ ಕಿವಿಯ ಮೇಲಿನ ಕೂದಲೇ ನರೆತಿತ್ತು. ಹೆಸರಿನ ಜೊತೆಗೆ ಡಾಕ್ಟರೇಟು ಬೇರೆ ಇತ್ತು. ಆದರೂ ಬೆಳಿಗ್ಗೆ ಬಂದವನೇ, ‘ಈವತ್ತು ಎಣಿಕೆ ನಾನು ನೋಡ್ಕೋತೀನಿ’ ಅಂದಿದ್ದ. ಕೈಗೆ ಕೆಲಸ ಬೇಕಿತ್ತು, ಕಿವಿಗೆ ಬಿಡುವು ಬೇಕಿತ್ತು.

ಕಿವಿ ಎಡಗಡೆಯ ಕಂಪ್ಯೂಟರಿನ ಮೇಲಿತ್ತು.

ಟಿಂಗ್.

ಥಟ್ಟನೆ ತಿರುಗಿದ. ಪರದೆಯ ಮೇಲೆ ಹೊಸದೇನೂ ಇರಲಿಲ್ಲ. ಕಾಳೊಂದು ಚಿಮಟದಿಂದ ಜಾರಿ ಗಾಜಿಗೆ ಬಿದ್ದಿತ್ತು. ಮೇಲ್ ಬಂದಾಗ ಹೊಡೆಯುವ ಗಂಟೆಗೂ ಗಾಜಿಗೆ ಬೀಳುವ ಬಟಾಣಿಗೂ ಇಷ್ಟೊಂದು ಹೋಲಿಕೆ ಇದೆಯೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

ಅವನು ಬಂದು ಕೂತ ಸ್ವಲ್ಪ ಹೊತ್ತಿಗೆ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತ್ತು. ಮೊಳಕೆ ಕೋಣೆಯ ತಂಪಿನ ಯಂತ್ರ ಉಸಿರು ಕಟ್ಟಿ, ಗುರ್ರೆಂದು ಮತ್ತೆ ಉಸಿರಾಡತೊಡಗಿತು. ಕಂಪ್ಯೂಟರಿಗೆ ಬ್ಯಾಟರಿ ಇತ್ತು. ಅದಕ್ಕೆ ಏನಾಯಿತೆಂದೇ ತಿಳಿಯಲಿಲ್ಲ. ಮೇಲ್ ಕಿಟಕಿಯ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ಚುಕ್ಕೆ ಉರಿಯುತ್ತಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರ: ಸಂಪರ್ಕದಲ್ಲಿದೆ.

ಇದ್ದರೆ ಸರಿ.

ಹೆಂಡತಿ ಈ ದಿನ ತನ್ನ ತೀರ್ಮಾನ ಹೇಳಬೇಕಿತ್ತು. ರೈಲಿನಲ್ಲಿ ಅರ್ಧ ದಿನದ ದಾರಿಯ ಊರಿನ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ. ಬಿದ್ದು ಮುರಿದುಕೊಂಡವರನ್ನು ಎಬ್ಬಿಸಿ, ತೋಳು ಹಿಡಿದು, ಮತ್ತೆ ನಡೆಯಲು ಕಲಿಸುವುದು. ಹೋಗುವಾಗ ತಾತ್ಕಾಲಿಕ ಅಂದಿದ್ದರು. ಈಗ ಅಲ್ಲಿಯವರು ಖಾಯಂ ಮಾಡುತ್ತೇವೆ ಅನ್ನುತ್ತಿದ್ದರು. ಇರುವುದೋ ಬಿಡುವುದೋ, ಈ ದಿನ ಐದು ಗಂಟೆಯೊಳಗೆ ಅವಳು ಅವರಿಗೆ ಬರೆದು ಕೊಡಬೇಕು. ಇದ್ದರೆ, ಅಲ್ಲಿಯೇ. ಆಮೇಲೆ ಈ ಮನೆಯಲ್ಲಿ ಒಬ್ಬರ ಹಲ್ಲುಜ್ಜುವ ಬ್ರಷ್ಷು.

ಹಿಂದಿನ ಸಲ ಬಂದವಳು ಚೀಲದ ಜಿಪ್ಪು ಎಳೆಯುತ್ತ, “ಫೋನ್ ಬೇಡ,” ಅಂದಿದ್ದಳು. “ಫೋನಲ್ಲಿ ನೀವು ‘ಹ್ಞೂಂ’ ಅಂತೀರಿ. ಆ ಹ್ಞೂಂ ಸಾಕಾಗಿದೆ ನಂಗೆ. ಮೇಲ್‌ನಲ್ಲೇ ಆಗಲಿ.”

“ಹ್ಞೂಂ,” ಅಂದಿದ್ದ.

ಅವಳು ನಕ್ಕಿರಲಿಲ್ಲ. ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿ, ಇನ್ನೊಂದಕ್ಕೆ ಹುಡುಕುತ್ತ, ಅವನ ಕಡೆ ನೋಡದೆಯೇ ಹೇಳಿದ್ದಳು: “ನೀವು ಕೇಳೋದಾದ್ರೆ ಹೇಳ್ತೀನಿ.”

“ಖಂಡಿತ ಕೇಳ್ತೀನಿ.”

ಮಾತು ಕೊಟ್ಟವನ ಹಾಗೆ ಹೇಳಿದ್ದ. ಮಾರನೆಯ ದಿನವೇ ಕಚೇರಿಯ ಕಂಪ್ಯೂಟರು ನೋಡಿಕೊಳ್ಳುವವನನ್ನು ಕರೆಸಿದ್ದ.

ಆ ಮನುಷ್ಯನಿಗೆ ಎಲ್ಲರೂ ಇಟ್ಟ ಹೆಸರು ತಂತಿ. ಯಾವಾಗಲೂ ಹೆಗಲ ಮೇಲೊಂದು ಕೇಬಲ್ ಸುರುಳಿ, ಹಸುವಿಗೆ ಹಗ್ಗ ಹಿಡಿದು ಹೊರಟವನ ಹಾಗೆ. ಮಗಳ ಮದುವೆ ಮಾಡಿ ಮುಗಿಸಿದ ವಯಸ್ಸು. ಮಾತಿಗೆ ಮಾತ್ರ ವಯಸ್ಸಾಗಿರಲಿಲ್ಲ.

“ನಿಮ್ಮದು ಗಂಟೆಗೊಮ್ಮೆ ಹೋಗಿ ಕೇಳೋ ಥರ ಇದೆ ಸಾರ್,” ಅಂದಿದ್ದ ತಂತಿ, ಮೇಜಿನ ಕೆಳಗಿನಿಂದ. “ಬಂತಾ? ಇಲ್ಲ. ಬಂತಾ? ಇಲ್ಲ. ಹೆರಿಗೆ ಮನೆ ಮುಂದೆ ನಿಂತ ನೆಂಟರ ಹಾಗೆ.”

“ಬಂದ ತಕ್ಷಣ ಅದೇ ಹೇಳೋ ಹಾಗೆ ಆಗಲ್ವಾ?”

“ಯಾಕಾಗಲ್ಲ? ಪುಶ್ ಅಂತ. ನಿಮ್ಮ ಡಬ್ಬಿ ಆ ಕಡೆ ಡಬ್ಬಿಗೆ ಒಂದೇ ಸಲ ಹೇಳುತ್ತೆ: ‘ನಾನಿಲ್ಲಿ ಸುಮ್ಮನೆ ಕೂತಿದ್ದೀನಿ, ಏನಾದ್ರೂ ಇದ್ರೆ ಹೇಳಪ್ಪಾ.’ ಆಮೇಲೆ ಇಬ್ಬರೂ ಮಾತಿಲ್ಲ ಕತೆಯಿಲ್ಲ. ತಂತಿಯ ಎರಡು ತುದಿ ಇಬ್ಬರು ಹಿಡ್ಕೊಂಡಿರ್ತಾರೆ, ಅಷ್ಟೆ. ಆ ಆಜ್ಞೆ ಹೆಸರೇ ಐಡಲ್.”

“ಸೋಮಾರಿ ಅಂತಲಾ?”

“ಸುಮ್ಮನಿರೋದು ಅಂತ ಸಾರ್. ಸೋಮಾರಿಗೂ ಸುಮ್ಮನಿರೋನಿಗೂ ವ್ಯತ್ಯಾಸ ಇಲ್ವಾ? ನಮ್ಮನೆಯೋಳು ಮಾತ್ರ ಇಲ್ಲ ಅಂತಾಳೆ.”

ಇಬ್ಬರೂ ನಕ್ಕಿದ್ದರು. ಮೇಜಿನಡಿಯಿಂದ ಎದ್ದು ಮಂಡಿಯ ಧೂಳು ಕೊಡವಿಕೊಳ್ಳುತ್ತ ತಂತಿ ಮತ್ತೊಂದು ಮಾತು ಸೇರಿಸಿದ್ದ: “ಆದ್ರೆ ಪೂರ್ತಿ ಸುಮ್ಮನಿದ್ರೂ ಆಗಲ್ಲ. ಆಗಾಗ ‘ಇದ್ದೀನಿ’ ಅನ್ನಬೇಕು. ಇಲ್ಲಾಂದ್ರೆ ಆ ಕಡೆಯೋನು, ಇವನು ಸತ್ತ ಅಂತ ತಂತಿ ಬಿಟ್ಟುಬಿಡ್ತಾನೆ. ನಿಮ್ಮ ಈ ಪ್ರೋಗ್ರಾಂ ಮುದಿಯಾಗಿದೆ, ಮರೆಯುತ್ತೆ. ಅದಕ್ಕೇ ಗಂಟೆಗೊಮ್ಮೆ ಕೇಳೋದೂ ಇರಲಿ. ಎರಡೂ ಇರಲಿ.”

ಅವನು ತಲೆಯಾಡಿಸಿದ್ದ. ತಂತಿ ಮೆಟ್ಟಿಲಿಳಿದ ಮೇಲೆ, ಗಂಟೆಗೊಮ್ಮೆ ಕೇಳುವ ಚೌಕದಲ್ಲಿದ್ದ ಗುರುತನ್ನು ತೆಗೆದುಹಾಕಿದ್ದ.

ಸುಮ್ಮನಿರುವ ಆ ಏರ್ಪಾಡು ಅವನ ಮನಸ್ಸಿಗೆ ಅಷ್ಟು ಹಿಡಿಸಿತ್ತು. ದೂರ ದೂರದ ಎರಡು ಯಂತ್ರಗಳು ನಡುವೆ ಒಂದು ಎಳೆ ಹಿಡಿದು ಸುಮ್ಮನೆ ಕೂತಿರುವುದು. ‘ಇದ್ದೀಯಾ, ಬಂತಾ, ಯಾಕೆ’ ಎಂಬ ಪೀಡೆ ಇಲ್ಲ. ಹೇಳುವುದು ಇದ್ದಾಗ ಹೇಳುತ್ತಾರೆ. ಹೇಳದೇ ಇದ್ದರೆ ಹೇಳುವುದಿಲ್ಲವೆಂದು ಅರ್ಥ. ಇದನ್ನು ಕಟ್ಟಿದವನು ಯಾರೋ, ಮನುಷ್ಯರ ಗದ್ದಲದಲ್ಲಿ ನೊಂದವನೇ ಇರಬೇಕು. ಅವನ ಬುದ್ಧಿಗೆ ಕೈಮುಗಿಯಬೇಕೆನಿಸಿತ್ತು. ಇಂಥದರ ಜೊತೆಗೆ, ‘ಯಾವುದಕ್ಕೂ ಇರಲಿ’ ಎಂದು ಗಂಟೆಗೊಮ್ಮೆ ಬಾಗಿಲು ಬಡಿಯುವುದು ನಂಬಿಕೆಗೆಟ್ಟವರ ಕೆಲಸ.

ತನ್ನ ದಾಂಪತ್ಯವೂ ಇಂಥದೇ ಎಂದು ಅವನು ಬಹಳ ವರ್ಷ ನಂಬಿದ್ದ.

ಚಿಕ್ಕವನಾಗಿದ್ದಾಗ ಹಿತ್ತಲಲ್ಲಿ ಕುಂಬಳದ ಬೀಜ ಊರಿ, ಮೊಳೆಯಿತೇ ಎಂದು ದಿನಾ ಬೆರಳು ತೂರಿ ಕೆದಕುತ್ತಿದ್ದ. ಅಜ್ಜಿ ಬೆನ್ನಿಗೊಂದು ಬಿಟ್ಟು, “ನಿನ್ನ ಕಾಟಕ್ಕೆ ಅದು ಹುಟ್ಟೋದನ್ನೇ ಬಿಟ್ಟೀತು ಕಣೋ,” ಅಂದಿದ್ದಳು. ಆ ಬೀಜ ಹುಟ್ಟಲೂ ಇಲ್ಲ. ಅಲ್ಲಿಂದ ಅವನು ಯಾವುದನ್ನೂ ಕೆದಕಲಿಲ್ಲ. ಆಸ್ಪತ್ರೆಯ ಆದೇಶ ಬಂದ ಸಂಜೆ ಹೆಂಡತಿ ಆ ಕಾಗದವನ್ನು ಅವನ ತಟ್ಟೆಯ ಪಕ್ಕ ಇಟ್ಟು, ನೀರು ಬಡಿಸುವ ನೆಪದಲ್ಲಿ ಅಲ್ಲೇ ನಿಂತಿದ್ದಳು. ಅವನು ಓದಿ, “ಒಳ್ಳೇದು,” ಅಂದ. ಅವಳು ಇನ್ನೂ ನಿಂತೇ ಇದ್ದಳು. ಲೋಟ ತುಂಬಿ, ಹರಿದು, ಮೇಜಿನ ಮೇಲೆ ನೀರಾಯಿತು. ಇಬ್ಬರೂ ಸೇರಿ ಒರೆಸಿದರು. ಬೇರೆ ಗಂಡಸರಾಗಿದ್ದರೆ ನೂರು ಪ್ರಶ್ನೆ ಕೇಳಿ ಹಿಂಸೆ ಮಾಡುತ್ತಿದ್ದರು. ತಾನು ಒಂದನ್ನೂ ಕೇಳಲಿಲ್ಲ. ಆ ರಾತ್ರಿ ಅವನು ತನ್ನ ಬಗ್ಗೆ ಸಣ್ಣದೊಂದು ಹೆಮ್ಮೆಯಿಟ್ಟುಕೊಂಡು ಮಲಗಿದ್ದ.

ಎಪ್ಪತ್ತೆಂಟು. ಎಪ್ಪತ್ತೊಂಬತ್ತು.

“ಡಾಕ್ಟ್ರೇ, ನಿಮ್ಮ ತಟ್ಟೆ ಎಲ್ಲಿ? ಬೆಳಗಿನಿಂದ ಒಂದೇ ಒಂದು ಬಂದಿದೆ.”

ಮುಹೂರ್ತ ಮೇಡಂ ಬಾಗಿಲಲ್ಲಿ ನಿಂತಿದ್ದಳು. ಮೊಳಕೆ ಕೋಣೆ ಅವಳ ಸಂಸ್ಥಾನ. ಅವನ ಜೊತೆಗೇ ಸೇರಿದವಳು, ಅವನಷ್ಟೇ ಓದಿದವಳು. ಎಲ್ಲಕ್ಕೂ ಒಂದು ಹೊತ್ತು ಇಟ್ಟುಕೊಂಡವಳಾದ್ದರಿಂದ ಆ ಹೆಸರು. ಅವಳ ಕಂಪ್ಯೂಟರು ಗಂಟೆ ಹೊಡೆಯುತ್ತಿರಲಿಲ್ಲ. ಬೆಳಿಗ್ಗೆ ಬಂದಾಗ, ಊಟವಾದ ಮೇಲೆ, ಹೊರಡುವ ಮುನ್ನ: ಈ ಮೂರು ಹೊತ್ತು ಮೇಲ್ ತೆಗೆಯುವಳು, ಇದ್ದದ್ದಕ್ಕೆ ಉತ್ತರ ಬರೆಯುವಳು, ಮುಚ್ಚುವಳು. ನಡುವೆ ಮೇಲಧಿಕಾರಿಯೇ ಬಂದು, ‘ನನ್ನ ಮೇಲ್ ನೋಡಿದ್ರಾ’ ಅಂದರೆ, “ಇನ್ನೂ ಹೊತ್ತಾಗಿಲ್ಲ ಸಾರ್,” ಅನ್ನುವಳು. ಅವರೂ ಯಾಕೋ ಸುಮ್ಮನಾಗಿ ಹೋಗುವರು.

ಅವಳು ನಡೆಯುವಾಗ ಅವಳ ಬೆನ್ನನ್ನು ಅವನು ಎಷ್ಟೋ ಸಲ ನೋಡಿದ್ದ. ಯಾರೂ ಹಿಂದಿನಿಂದ ಕರೆಯಲಾರರು ಎಂಬಂಥ ಬೆನ್ನು. ಅಂಥ ಬೆನ್ನು ತನಗೆ ಇಲ್ಲವಲ್ಲ ಅನಿಸುತ್ತಿತ್ತು.

“ಎಣಿಕೆ ತಪ್ತಾ ಇದೆ,” ಅಂದ.

“ಮನಸ್ಸು ಎಲ್ಲೋ ಇದೆ. ಬನ್ನಿ, ಕೈಗೆ ಬೇರೆ ಕೆಲಸ ಕೊಡ್ತೀನಿ. ಈವತ್ತು ಹಳೇ ಬಟಾಣಿದು ಕೊನೇ ಎಣಿಕೆ.”

ಅವನು ಕಂಪ್ಯೂಟರಿನ ದನಿಯನ್ನು ಪೂರ್ತಿ ಏರಿಸಿ, ಕೋಣೆಯ ಬಾಗಿಲು ತೆರೆದಿಟ್ಟು ಎದ್ದ. ಅವಳು ನೋಡಿದಳು. ಮುಂದೆ ನಡೆದಳು.

ಮೊಳಕೆ ಕೋಣೆಯೊಳಗೆ ಒದ್ದೆ ಕಾಗದದ ವಾಸನೆ, ಮಳೆ ಬಿದ್ದ ಮಾರನೆಯ ಬೆಳಗಿನದು. ಅವಳು ಒಂದು ಕಾಗದದ ಸುರುಳಿಯನ್ನು ಮೇಜಿನ ಮೇಲಿಟ್ಟು, ಮಲಗಿದ ಕೂಸಿನ ಹೊದಿಕೆ ಸರಿಸುವ ಹಾಗೆ ನಿಧಾನವಾಗಿ ಬಿಚ್ಚಿದಳು. ಸಾಲು ಸಾಲು ಮೊಳಕೆ. ಬೇರು ಕೆಳಕ್ಕೆ, ಕುಡಿ ಮೇಲಕ್ಕೆ. ಕತ್ತಲ ಸುರುಳಿಯೊಳಗೆ ಯಾವುದು ಮೇಲು, ಯಾವುದು ಕೆಳಗು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಈ ಕೆಲಸಕ್ಕೆ ಬಂದು ಇಷ್ಟು ಕಾಲವಾದರೂ, ಸುರುಳಿ ಬಿಚ್ಚುವ ಆ ಗಳಿಗೆಯಲ್ಲಿ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

“ನಿಮಗೆ ನಡುವೆ ಒಮ್ಮೆ ಬಿಚ್ಚಿ ನೋಡಬೇಕು ಅನ್ಸಲ್ವಾ?” ಅವನು ಕೇಳಿದ.

“ಸುರುಳೀನಾ, ಮೇಲ್‌ನಾ?”

“ಎರಡೂ.”

“ಅನ್ಸತ್ತೆ.” ಅವಳು ಮೊಳೆತವನ್ನು ಒಂದೊಂದಾಗಿ ತೆಗೆದಿಡುತ್ತಿದ್ದಳು. “ನಮ್ಮಕ್ಕ ಅಷ್ಟು ದೂರದಲ್ಲಿ ಹಾಸಿಗೆ ಹಿಡಿದಿದ್ದಳಲ್ಲ, ಭಾವ ಮೇಲ್ ಬರೀತಿದ್ರು. ಆಗಲೂ ದಿನಕ್ಕೆ ಮೂರೇ ಹೊತ್ತು.”

“ಕಷ್ಟ ಆಗ್ಲಿಲ್ವಾ?”

“ಆಯ್ತು. ಆದ್ರೆ ಆ ಮೂರು ಹೊತ್ತೂ ನಾನೇ ಎದ್ದು ಹೋಗಿ ಕೇಳ್ದೆ. ತಾನಾಗಿ ಬರಲಿ ಅಂತ ಕೂತಿರಲಿಲ್ಲ. ಬಾವೀಗೆ ನಾವು ಹೋಗ್ಬೇಕು ಡಾಕ್ಟ್ರೇ. ಬಾವೀನೇ ಬಂದು ಬಾಗಿಲು ತಟ್ಟಲಿ ಅಂದ್ರೆ ಬಾಯಾರಿ ಸಾಯ್ತೀವಿ.” ಇನ್ನೊಂದು ಮೊಳಕೆ ತೆಗೆದಿಟ್ಟು ಅಂದಳು: “ಕೊನೇ ಸುದ್ದಿ ಬೆಳಿಗ್ಗೇನೇ ಬಂದಿತ್ತು. ನಾನು ಓದಿದ್ದು ಊಟ ಆದ್ಮೇಲೆ. ಲೋಕಕ್ಕೆ ಇಲ್ಲದ ಅಕ್ಕ, ನನಗೆ ಮಾತ್ರ ಅಷ್ಟು ಹೊತ್ತು ಇದ್ಲು.”

ಅವಳ ದನಿಯಲ್ಲಿ ನೀರಿರಲಿಲ್ಲ. ಆ ದಿನ ಅವಳು ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಂಡು, ತನ್ನ ಹೊತ್ತಿಗೆ ಸರಿಯಾಗಿ ಆ ಸಾವಿನ ಎದುರು ಹೋಗಿ ಕೂತಿದ್ದನ್ನು ಅವನು ಊಹಿಸಿಕೊಂಡ. ಏನಾದರೂ ಹೇಳಬೇಕಿತ್ತು.

“ಹ್ಞೂಂ,” ಅಂದ.

ಕಾಗದದ ಮೇಲೆ ಮೊಳೆಯದ ಕಾಳುಗಳು ಉಳಿದವು. ನೀರು ಕುಡಿದು ಉಬ್ಬಿ, ಹಸಿರಾಗಿ, ಹೊಳೆಯುತ್ತಿದ್ದವು. ನೋಡಲು ಎಲ್ಲ ಒಂದೇ. ಯಾವುದು ಸತ್ತಿದೆ, ಯಾವುದು ಮಲಗಿದೆ ಎಂದು ಕಣ್ಣು ಹೇಳಲಾರದು. ಇದರ ಪಾಠವನ್ನು ಎಷ್ಟೋ ತಂಡಗಳಿಗೆ ಅವನೇ ಹೇಳಿದ್ದ.

“ಒತ್ತಿ,” ಅಂದಳು ಮೇಡಂ, ಚಿಮಟ ಅವನ ಕೈಗೆ ಕೊಟ್ಟು.

ಮೊದಲನೆಯದನ್ನು ಒತ್ತಿದ. ಮೆತ್ತಗೆ ಕುಸಿದು ಬೆಳ್ಳನೆಯ ರಸ ಬಂತು. ಹುಳಿ ವಾಸನೆ. ಸತ್ತದ್ದು. ಎರಡನೆಯದು ಚಿಮಟವನ್ನೇ ಹಿಂದಕ್ಕೆ ತಳ್ಳಿತು. ಗಟ್ಟಿ.

“ಇದಕ್ಕೆ ಜೀವ ಇದೆ,” ಅಂದಳು. “ಮನಸ್ಸಾಗಿಲ್ಲ, ಅಷ್ಟೆ.”

“ಯಾವಾಗ ಆಗುತ್ತೋ.”

“ಅದನ್ನ ನನ್ನ ಕೇಳಿದ್ರೆ? ಅದನ್ನೇ ಕೇಳಿ.” ಅವಳು ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿ, ಒಳಗಿನಿಂದ ಏನೋ ನೆನಪಾದವಳಂತೆ, “ಮನೆಯೋರು ಹೇಗಿದಾರೆ?” ಅಂದಳು.

“ಚೆನ್ನಾಗಿದಾಳೆ.”

“ಯಾವಾಗ ಬರ್ತಾರೆ?”

“ಹೇಳ್ತಾಳೆ.”

“ನೀವು ಕೇಳಿದ್ರಾ?”

“ಕೇಳ್ತಾನೇ ಇದ್ದೀನಿ,” ಅಂದ. ಅಷ್ಟು ದೂರದ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ಕಂಪ್ಯೂಟರಿನ ಕಡೆಗೆ ಕಿವಿ ನಿಮಿರಿತ್ತು.

ಅಂದ ಮೇಲೆ ಆ ಮಾತು ಅವನ ಬಾಯಲ್ಲಿ ಕಲ್ಲಿನ ಹಾಗೆ ಉಳಿಯಿತು.

ಕೇಳೋದಾದ್ರೆ ಹೇಳ್ತೀನಿ. ಹೆಂಡತಿ ಅಂದದ್ದು ಯಾವ ಕೇಳುವುದು? ಕಿವಿಯದೋ, ಬಾಯದೋ? ಅವನು ಕಿವಿಯದೆಂದುಕೊಂಡಿದ್ದ. ಎರಡನೆಯ ಅರ್ಥವೊಂದು ಅದಕ್ಕಿದೆಯೆಂದು ಹೊಳೆದೇ ಇರಲಿಲ್ಲ. ಇಷ್ಟು ದಿನ ಅವಳು ಅಲ್ಲಿ ಪ್ರಶ್ನೆಗೆ ಕಾದು, ಇವನು ಇಲ್ಲಿ ಉತ್ತರಕ್ಕೆ ಕಾದು… ಎಂಥ ಮೂರ್ಖತನ ಎಂದು ನಗಬೇಕೆನಿಸಿತು. ನಗು ಬರಲಿಲ್ಲ. ಇರಲಾರದು. ಅವಳು ಸ್ಪಷ್ಟವಾಗಿ ಮಾತಾಡುವವಳು. ಬರೆಯಬೇಕಿದ್ದರೆ ಬರೆಯುತ್ತಾಳೆ. ಬಂದರೆ ಗಂಟೆ ಹೊಡೆಯುತ್ತದೆ. ಹೊಡೆದಿಲ್ಲ. ಅಂದರೆ ಬಂದಿಲ್ಲ. ಅಂದರೆ—

ಊಟದ ಹೊತ್ತು ಕಳೆಯಿತು. ಅವನು ಡಬ್ಬಿ ಬಿಚ್ಚಲಿಲ್ಲ. ಮೂರು ತಟ್ಟೆ ಎಣಿಸಿದ. ಗಂಟೆಯ ಮೌನ ಈಗ ಬರೀ ಮೌನವಾಗಿ ಉಳಿದಿರಲಿಲ್ಲ. ನಿಧಾನವಾಗಿ ಅದೇ ಉತ್ತರವಾಗುತ್ತಿತ್ತು. ಅದರಲ್ಲೂ ಅವಳ ಘನತೆಯೇ ಕಂಡಿತು. ಇಷ್ಟು ಚೊಕ್ಕವಾಗಿ, ಒಂದು ಅಕ್ಷರದ ಕಸ ಬೀಳಿಸದೆ, ಯಾರು ತಾನೇ ಮನೆ ಬಿಟ್ಟಾರು? ಅವಳು ಕೋಣೆ ಗುಡಿಸುವುದೂ ಹಾಗೆಯೇ. ಮೂಲೆಯಿಂದ ಶುರುಮಾಡಿ, ಹಿಂದೆ ಹಿಂದೆ ಸರಿಯುತ್ತ, ಕೊನೆಗೆ ಬಾಗಿಲಿನಾಚೆ ತಾನು.

ಸರಿ, ಅಂದುಕೊಂಡ. ಒಳ್ಳೇದು.

“ಅಯ್ಯೋ, ಇಲ್ಲೇ ಕೂತಿದೀರಾ?”

ಮತ್ತೆ ಮುಹೂರ್ತ ಮೇಡಂ. ಕೈಯಲ್ಲಿ ಟೀ ಲೋಟ. “ಮೀಟಿಂಗಿಗೆ ಯಾಕೆ ಬರಲಿಲ್ಲ? ದೊಡ್ಡೋರು ನಿಮ್ಮನ್ನೇ ಕೇಳ್ತಿದ್ರು.”

“ಯಾವ ಮೀಟಿಂಗು?”

“ಬೆಳಿಗ್ಗೇನೇ ಎಲ್ಲರಿಗೂ ಮೇಲ್ ಬಂತಲ್ಲ. ನಾನೇ ಊಟ ಆದ್ಮೇಲೆ ನೋಡ್ದೆ. ನಿಮ್ಮ ಗಂಟೆ ಹೊಡೀಲಿಲ್ವಾ?” ತಮಾಷೆಗೆ ಅಂದವಳು, ಅವನ ಮುಖ ನೋಡಿ ಲೋಟ ಕೆಳಗಿಟ್ಟಳು. “ಯಾಕ್ರೀ?”

“ನಂಗೆ ಬರಲಿಲ್ಲ.”

“ಎಲ್ಲರಿಗೂ ಬಂದಿದೆ.”

ಅವನು ಪರದೆಯ ಮೂಲೆ ನೋಡಿದ. ಹಸಿರು ಚುಕ್ಕೆ. ಸಂಪರ್ಕದಲ್ಲಿದೆ.

ಮೇಡಂ ಹೊರಗೆ ಇಣುಕಿ, “ತಂತೀ!” ಎಂದು ಕೂಗಿದಳು. ತಂತಿ ಹೆಗಲ ಹಗ್ಗದೊಂದಿಗೆ ಬಂದ. ಪರದೆಯನ್ನೇ ನೋಡಲಿಲ್ಲ, ಬಾಗಿಲಲ್ಲಿ ನಿಂತೇ ಹೇಳಿದ.

“ಬೆಳಿಗ್ಗೆ ಕರೆಂಟು ಹೋಯ್ತಲ್ಲ ಸಾರ್, ಕೆಳಗಡೆ ಇಂಟರ್ನೆಟ್ ಪೆಟ್ಟಿಗೆ ಸತ್ತು ಹುಟ್ಟಿದೆ. ಅವಾಗ ಹಳೇ ಎಳೆ ಎಲ್ಲಾ ಕಡಿದುಹೋಯ್ತು. ನಿಮ್ಮ ಡಬ್ಬಿಗೆ ಅದು ಗೊತ್ತಾಗಿಲ್ಲ, ಪಾಪ. ತುದಿ ಹಿಡ್ಕೊಂಡು ಕೂತಿದೆ.”

“ಹಸಿರು ಇದೆಯಲ್ಲ?”

“ಅದು ತನ್ನ ತುದಿ ನೋಡ್ಕೊಂಡು ಹಸಿರು ಅನ್ನುತ್ತೆ ಸಾರ್. ಆ ತುದೀಲಿ ಯಾರೂ ಇಲ್ಲ ಅಂತ ಹೇಳೋರು ಯಾರು? ಕೇಳಿದ್ರೆ ತಾನೇ ಗೊತ್ತಾಗೋದು? ಅದಕ್ಕೇ ಗಂಟೆಗೊಮ್ಮೆ ಕೇಳೋದೂ ಇಟ್ಟಿದ್ದೆ. ಅದಿದ್ರೆ ಇಷ್ಟು ಹೊತ್ತಿಗೆ…”

“ತೆಗೆದೆ.”

“ಯಾಕೆ ಸಾರ್?”

ಅವನು ತಟ್ಟೆ ನೋಡಿದ. ತಂತಿ ಮೇಡಂ ಮುಖ ನೋಡಿದ, ಮೇಡಂ ಕಿಟಕಿ ನೋಡಿದಳು.

“ಏನಾಗಿಲ್ಲ ಬಿಡಿ. ಮೇಲೆ ‘ಪಡೆಯಿರಿ’ ಅಂತ ಗುಂಡಿ ಇದೆಯಲ್ಲ, ಒಂದು ಸಲ ಒತ್ತಿ. ಬೆಳಗಿನಿಂದ ಬಂದಿರೋದೆಲ್ಲ ಬುಳಬುಳ ಅಂತ ಇಳಿಯುತ್ತೆ. ಬಂದಿದ್ರೆ.”

ಅಂದು, ಹಗ್ಗ ಸರಿಮಾಡಿಕೊಂಡು ಹೋದ. ಮೇಡಂ ಸ್ವಲ್ಪ ನಿಂತು, “ನಾನು ಕೋಣೆಗೆ ಬೀಗ ಹಾಕಿ ಬರ್ತೀನಿ,” ಅಂದಳು. ಟೀ ಲೋಟವನ್ನು ಅವನಿಗೇ ಬಿಟ್ಟು ಹೋದಳು.

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇನ್ನೂ ಸ್ವಲ್ಪ ಉಳಿದಿತ್ತು.

ಬಾಣದ ಮೊನೆಯನ್ನು ‘ಪಡೆಯಿರಿ’ಯ ಮೇಲೆ ತಂದು ನಿಲ್ಲಿಸಿದ. ಒತ್ತಿದರೆ ಆಯಿತು. ಒತ್ತುವುದೆಂದರೆ ಕೇಳುವುದು. ಅವಳ ಮೇಲ್ ಬೆಳಿಗ್ಗೆಯೇ ಬಂದು ಆ ಕಡೆಯ ಕತ್ತಲಲ್ಲಿ ಕೂತಿದ್ದರೆ? ‘ಬರಲಾ?’ ಎಂದು ಮೂರಕ್ಷರ ಬರೆದು, ದಿನವಿಡೀ ತನ್ನ ಉತ್ತರಕ್ಕೆ ಕಾದಿದ್ದರೆ? ಇನ್ನೂ ಹೊತ್ತಿದೆ. ‘ಇಲ್ಲೇ ಇರುತ್ತೇನೆ’ ಎಂದು ಬರೆದಿದ್ದರೆ? ಆಗಲೂ ಹೊತ್ತಿದೆ, ಫೋನಿದೆ, ಬೇಡ ಅಂದಿದ್ದರೂ ಇದೆ, ‘ಯಾಕೆ’ ಎಂದು ಒಂದು ಸಲ, ಒಂದೇ ಒಂದು ಸಲ ಕೇಳಬಹುದು. ಏನೂ ಬಂದಿರದಿದ್ದರೆ? ಬುಳಬುಳ ಇಲ್ಲ, ಒಂದೇ ಒಂದು ಟಿಂಗ್, ಬರೀ ಮೀಟಿಂಗಿನ ಮೇಲ್ ಇಳಿದು ಬಂದರೆ? ಆಗ ಕೇಳಬೇಕಾದವನು ತಾನೇ ಎಂದಾಗುತ್ತದೆ. ಮೊದಲಿನಿಂದಲೂ.

ಬೆರಳು ಗುಂಡಿಯ ಮೇಲೆ ಬೆಚ್ಚಗಾಯಿತು.

ಆಚೆ ಮೊಳಕೆ ಕೋಣೆಯ ಬಾಗಿಲು ಮುಚ್ಚಿದ ಸದ್ದು. ಬೀಗ. ಮೇಡಂ ತನ್ನ ಕುರ್ಚಿ ಎಳೆದುಕೊಂಡಳು. ಅವಳ ಕೊನೆಯ ಹೊತ್ತು. ಗೋಡೆಯಾಚೆ ಒಂದು ಸಣ್ಣ ಟಿಕ್. ಒತ್ತಿದಳು. ಅಷ್ಟು ಸುಲಭವಾಗಿ.

ಅವನು ಬೆರಳು ತೆಗೆದ. ಮೊದಲು ಈ ತಟ್ಟೆ ಮುಗಿಸೋಣ ಅಂದುಕೊಂಡ. ನೂರಕ್ಕೆ ಸ್ವಲ್ಪವೇ ಬಾಕಿ. ಚಿಮಟ ಎತ್ತಿಕೊಂಡು ರಾಶಿಯಿಂದ ಒಂದು ಕಾಳು ಹಿಡಿದ. ತಟ್ಟೆಗೆ ಹಾಕಲಿಲ್ಲ. ಕಣ್ಣ ಹತ್ತಿರ ತಂದು ಒತ್ತಿದ. ಗಟ್ಟಿಯಾಗಿತ್ತು. ಇನ್ನೊಂದು ಒತ್ತಿದ. ಅದೂ ಗಟ್ಟಿ. ಒಣ ಕಾಳು ಎಲ್ಲವೂ ಗಟ್ಟಿಯೇ. ಸತ್ತದ್ದೂ ಗಟ್ಟಿ, ಬದುಕಿದ್ದೂ ಗಟ್ಟಿ. ನೀರು ಕೊಡದೆ ಅದನ್ನು ಒತ್ತಿ ಏನೂ ಪ್ರಯೋಜನವಿಲ್ಲವೆಂಬುದು ಅವನಷ್ಟು ಚೆನ್ನಾಗಿ ಆ ಕಚೇರಿಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೂ ಮತ್ತೊಂದು ಎತ್ತಿಕೊಂಡ. ಜೋರಾಗಿ ಒತ್ತಿದ. ಇನ್ನೂ ಜೋರಾಗಿ. ಕಾಳು ಚಿಮಟದಿಂದ ಸಿಡಿದು ಪರದೆಯ ಗಾಜಿಗೆ ಬಡಿಯಿತು.

ಟಿಂಗ್.

ಅವನು ತಲೆಯೆತ್ತಿದ.

ಹಸಿರು ಚುಕ್ಕೆ ಇದ್ದಲ್ಲೇ ಉರಿಯುತ್ತಿತ್ತು.